ಅಗಸ್ಟಿನನ 'ಕನ್ಫೆಷನ್ಸ್': ಸಂಕಲ್ಪ ಸ್ವಾತಂತ್ರ್ಯ ಮತ್ತು ದಿನನಿತ್ಯದ ಆಯ್ಕೆ

ಮನುಷ್ಯನು ತನ್ನ ಕಾರ್ಯಗಳಿಗೆ ತಾನೇ ಕರ್ತೃವೇ, ಅಥವಾ ಅವನಿಂದ ಅವುಗಳನ್ನು ಮಾಡಿಸುವ ಬೇರೊಂದು ಶಕ್ತಿಯಿದೆಯೇ ಎಂಬ ಪ್ರಶ್ನೆ ಎಲ್ಲ ಧರ್ಮಗಳ ನೀತಿವಿಚಾರದ ಹೊಸ್ತಿಲಲ್ಲಿಯೇ ಎದುರಾಗುತ್ತದೆ. ಕ್ರೈಸ್ತ ಧರ್ಮದಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೀಕ್ಷ್ಣತೆಯಿದೆ. ಜಗತ್ತನ್ನು ಸೃಷ್ಟಿಸಿದ ದೇವರು ಒಬ್ಬನೇ. ಅವನು ಸರ್ವಜ್ಞ, ಸರ್ವಶಕ್ತ, ಮಂಗಳಸ್ವರೂಪಿ ಎಂದು ಆ ಧರ್ಮ ನಂಬುತ್ತದೆ. ಹಾಗಿದ್ದಲ್ಲಿ ಕೆಡುಕು ಎಲ್ಲಿಂದ ಬಂತು? ನಾಳೆ ಒಬ್ಬನು ಮಾಡಲಿರುವ ತಪ್ಪು ದೇವರಿಗೆ ಇಂದೇ ತಿಳಿದಿದ್ದರೆ, ಆ ತಪ್ಪನ್ನು ಮಾಡದಿರುವ ಸ್ವಾತಂತ್ರ್ಯ ಅವನಿಗೆ ಉಂಟೆ? ಒಳಿತನ್ನು ಮಾಡುವ ಬಲವೂ ದೇವರ ಕೃಪೆಯಿಂದಲೇ ಬರುವುದಾದರೆ, ಮಾಡದವನನ್ನು ದೂಷಿಸುವುದು ನ್ಯಾಯವೆ? ಹದಿನಾರು ಶತಮಾನಗಳಿಂದ ಕ್ರೈಸ್ತ ಪಂಡಿತರು ಈ ಪ್ರಶ್ನೆಗಳನ್ನು ಚರ್ಚಿಸುತ್ತ ಬಂದಿದ್ದಾರೆ. ಆದರೆ ಸಾಮಾನ್ಯ ಮನುಷ್ಯನಿಗೆ ಈ ಪ್ರಶ್ನೆ ತರ್ಕದ ರೂಪದಲ್ಲಿ ಎದುರಾಗುವುದು ವಿರಳ. ಇನ್ನೊಂದು ತುತ್ತು ಉಣ್ಣಲೇ ಬೇಡವೇ, ಗೆಳೆಯರು ಕರೆದಲ್ಲಿಗೆ ಹೋಗಲೇ ಇರಲೇ, ಹೊಗಳಿಕೆಯ ಮಾತು ಕಿವಿಗೆ ಬಿದ್ದಾಗ ಹಿಗ್ಗಲೇ ಸುಮ್ಮನಿರಲೇ ಎಂಬಂಥ ದಿನನಿತ್ಯದ ಚಿಕ್ಕ ಆಯ್ಕೆಗಳಲ್ಲಿಯೇ ಅದು ಅವನ ಬಾಗಿಲನ್ನು ತಟ್ಟುತ್ತದೆ.

ಈ ಎರಡು ನೆಲೆಗಳನ್ನೂ ಒಂದೇ ಗ್ರಂಥದಲ್ಲಿ ಹಿಡಿದಿಟ್ಟ ಮೊದಲಿಗರಲ್ಲಿ ಸಂತ ಅಗಸ್ಟಿನ್ ಪ್ರಮುಖನು. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಸ್ತೆ ಎಂಬ ಊರಿನಲ್ಲಿ ಅವನು ಹುಟ್ಟಿದನು. ಆ ಊರು ಇಂದಿನ ಅಲ್ಜೀರಿಯದಲ್ಲಿದೆ. ಕಾರ್ತೇಜ್, ರೋಮ್, ಮಿಲಾನ್ ನಗರಗಳಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕನಾಗಿದ್ದು, 387ರ ಈಸ್ಟರ್ ಸಮಯದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸನಿಂದ ದೀಕ್ಷಾಸ್ನಾನ ಪಡೆದನು. ಅನಂತರ ಹಿಪ್ಪೋ ನಗರದ ಬಿಷಪನಾಗಿ, ವ್ಯಾಂಡಲರು ಆ ನಗರಕ್ಕೆ ಮುತ್ತಿಗೆ ಹಾಕಿದ್ದ ಕಾಲದಲ್ಲಿ, 430ರಲ್ಲಿ ತೀರಿಕೊಂಡನು. ಸುಮಾರು 397ರಿಂದ 400ರ ಅವಧಿಯಲ್ಲಿ ಅವನು ಬರೆದ 'ಕನ್ಫೆಷನ್ಸ್', ಎಂದರೆ 'ನಿವೇದನೆಗಳು', ಹದಿಮೂರು ಭಾಗಗಳ ಕೃತಿ. ಮೊದಲ ಒಂಬತ್ತು ಭಾಗಗಳು ಕಳೆದ ಬದುಕಿನ ಕಥನ. ಹತ್ತನೆಯದು ಬರೆಯುವ ಹೊತ್ತಿನ ತನ್ನ ಅಂತರಂಗದ ಪರೀಕ್ಷೆ. ಕೊನೆಯ ಮೂರು ಕಾಲ ಮತ್ತು ಸೃಷ್ಟಿಯ ವಿಚಾರ. ಕೃತಿಯುದ್ದಕ್ಕೂ ದೇವರನ್ನೇ ಸಂಬೋಧಿಸಿ ಮಾತನಾಡಲಾಗಿದೆ.

ಈ ಗ್ರಂಥವನ್ನು ಓದಿದವರೆಲ್ಲರ ನೆನಪಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಮಿಲಾನಿನ ಉದ್ಯಾನದ ಪ್ರಸಂಗ. ಕಣ್ಣೀರು, ಮಗುವೊಂದರ ಧ್ವನಿ, ತೆರೆದ ಧರ್ಮಗ್ರಂಥ, ಕ್ಷಣಾರ್ಧದಲ್ಲಿ ಬದಲಾದ ಬದುಕು: ಹೀಗೆ ಅದನ್ನು ಒಂದು ಮಹಾನಿರ್ಧಾರದ ಕಥೆಯಾಗಿ ಓದುವ ರೂಢಿ ಬೆಳೆದಿದೆ. ಆದರೆ ಗ್ರಂಥವನ್ನು ಸಾವಧಾನವಾಗಿ ಪರಿಶೀಲಿಸಿದರೆ ಅದರ ನೈತಿಕ ಸತ್ತ್ವ ಬೇರೆಡೆ ಇರುವುದು ತಿಳಿಯುತ್ತದೆ. ಸ್ವಾತಂತ್ರ್ಯವು ಕಳೆದುಹೋಗುವುದೂ ಮರಳಿ ದೊರೆಯುವುದೂ ಚಿಕ್ಕ ಚಿಕ್ಕ ಒಪ್ಪಿಗೆಗಳಲ್ಲಿ ಎಂಬುದೇ ಈ ಕೃತಿಯ ಮುಖ್ಯ ದರ್ಶನ. ಅದರ ದೊಡ್ಡ ದೋಷವೂ ಅದೇ ಮಾನದಂಡದಿಂದಲೇ ಬೆಳಕಿಗೆ ಬರುತ್ತದೆ.

ಅಗಸ್ಟಿನನ ವಿಚಾರವನ್ನು ಗ್ರಹಿಸಲು ಅವನು ಬಿಟ್ಟುಬಂದ ಮತವನ್ನು ತಿಳಿಯುವುದು ಅವಶ್ಯ. ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಅವನು ಮಾನಿ ಎಂಬ ಪ್ರವರ್ತಕನ ಮತದ ಅನುಯಾಯಿಯಾಗಿದ್ದನು. ಬೆಳಕು ಮತ್ತು ಕತ್ತಲೆ ಎಂಬ ಎರಡು ಅನಾದಿ ತತ್ತ್ವಗಳಿವೆ. ಮನುಷ್ಯನೊಳಗೆ ಅವೆರಡೂ ಬೆರೆತುಕೊಂಡಿವೆ. ಕೆಡುಕು ನಡೆದಾಗ ಅದನ್ನು ಮಾಡುವುದು ಒಳಗಿನ ಕತ್ತಲೆಯ ತತ್ತ್ವ ಎಂದು ಆ ಮತ ಬೋಧಿಸುತ್ತಿತ್ತು. ಈ ಬೋಧೆ ತನಗೆ ಏಕೆ ಹಿತವಾಗಿತ್ತೆಂಬುದನ್ನು ಐದನೆಯ ಭಾಗದಲ್ಲಿ ಅಗಸ್ಟಿನ್ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಪಾಪ ಮಾಡಿದವನು ತಾನಲ್ಲ, ತನ್ನೊಳಗಿನ ಬೇರಾವುದೋ ಎಂದು ಭಾವಿಸಿದಾಗ ಅಹಂಕಾರಕ್ಕೆ ಪೆಟ್ಟಾಗುವುದಿಲ್ಲ. ತಪ್ಪನ್ನು ಒಪ್ಪಿಕೊಳ್ಳುವ ಶ್ರಮವೂ ಉಳಿಯುತ್ತದೆ. ಆ ಮತವನ್ನು ಬಿಟ್ಟದ್ದರಿಂದ ಅವನಿಗೆ ಆದ ಮೊದಲ ಲಾಭವೆಂದರೆ ತಪ್ಪು ತನ್ನದೆಂಬ ಅರಿವು.

ಇಲ್ಲಿ ಒಂದು ಮಾತನ್ನು ಪ್ರಸ್ತಾಪಿಸದೆ ಮುಂದುವರಿಯಲಾಗದು. ಮಾನಿಯ ಮತದ ಶ್ರೇಷ್ಠ ವ್ರತಿಗಳು ತಾವಾಗಿ ಹಣ್ಣನ್ನು ಕೀಳುತ್ತಿರಲಿಲ್ಲ. ಕಿತ್ತಾಗ ಅಂಜೂರವೂ ಅದರ ತಾಯಿಮರವೂ ಅಳುತ್ತವೆಂದು ನಂಬಿದ್ದರು. ಮೂರನೆಯ ಭಾಗದಲ್ಲಿ ಅಗಸ್ಟಿನ್ ಈ ನಂಬಿಕೆಯನ್ನು ಪರಿಹಾಸ್ಯ ಮಾಡುತ್ತಾನೆ. ಸಸ್ಯಜೀವದ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪರಂಪರೆಯಲ್ಲಿ ಬೆಳೆದ ಓದುಗನಿಗೆ ಈ ನಗು ಸಹಜವಾಗಿಯೇ ರುಚಿಸದು. ಹಣ್ಣಿಗೆ ನೋವಾದೀತೆಂಬ ಅಳುಕು ನಗೆಯ ವಸ್ತುವಲ್ಲ. ಆದರೆ ಅವನ ಆಕ್ಷೇಪದ ಇನ್ನೊಂದು ಮುಖವನ್ನು ಕಡೆಗಣಿಸುವಂತಿಲ್ಲ. ವ್ರತಿಗಳು ತಾವು ಕೀಳದೆ, ಶ್ರಾವಕವರ್ಗದ ಅನುಯಾಯಿಗಳಿಂದ ಕೀಳಿಸಿ ತರಿಸಿಕೊಂಡು ಉಣ್ಣುತ್ತಿದ್ದರು. ಪಾಪದ ಹೊರೆ ಬೇರೊಬ್ಬನ ಹೆಗಲಿಗೆ ಹೋಗುತ್ತಿತ್ತು. ತಮ್ಮ ಮತಕ್ಕೆ ಸೇರದವನು ಹಸಿದು ಬೇಡಿದರೆ ಅವನಿಗೆ ತುತ್ತು ಕೊಡುವುದನ್ನು ಘೋರ ಪಾಪವೆಂದೂ ಎಣಿಸುತ್ತಿದ್ದರು. ಕರುಣೆಯು ಹಸಿದ ಮನುಷ್ಯನನ್ನು ದಾಟಿ ಹಣ್ಣಿನ ಬಳಿಗೆ ಹೋಗುವಂತಿಲ್ಲ ಎಂಬ ಅವನ ಮಾತಿನ ತಿರುಳು ನ್ಯಾಯವಾದುದೇ.

ಮಾನಿಯ ಮತದ ವಿರುದ್ಧ ಅಗಸ್ಟಿನ್ ಬರೆದ ಗ್ರಂಥ 'ಸ್ವತಂತ್ರ ಆಯ್ಕೆಯನ್ನು ಕುರಿತು'. 388ರ ಸುಮಾರಿಗೆ ರೋಮಿನಲ್ಲಿ ಆರಂಭವಾಗಿ 395ರ ಸುಮಾರಿಗೆ ಆಫ್ರಿಕದಲ್ಲಿ ಮುಗಿದ ಈ ಸಂವಾದದಲ್ಲಿ ಅವನ ಗೆಳೆಯ ಇವೋಡಿಯಸ್ ಪ್ರಶ್ನಿಸುತ್ತಾನೆ, ಅಗಸ್ಟಿನ್ ಉತ್ತರಿಸುತ್ತಾನೆ. ಮೇಲಿಂದ ಕೈಬಿಟ್ಟ ಕಲ್ಲು ಕೆಳಗೆ ಬೀಳುತ್ತದೆ. ಬೀಳದಿರುವ ಆಯ್ಕೆ ಅದಕ್ಕಿಲ್ಲ, ಆದ್ದರಿಂದ ಕಲ್ಲನ್ನು ಯಾರೂ ದೂಷಿಸುವುದಿಲ್ಲ. ಮನಸ್ಸು ಕೀಳಾದುದರ ಕಡೆಗೆ ಚಲಿಸಿದಾಗ ಮಾತ್ರ ದೂಷಣೆ ಸಲ್ಲುತ್ತದೆ, ಏಕೆಂದರೆ ಆ ಚಲನೆ ಮನಸ್ಸಿನದೇ. ದೇವರ ಮುನ್ನರಿವಿನ ಸಮಸ್ಯೆಗೂ ಅಲ್ಲಿ ಸರಳವಾದ ಸಮಾಧಾನವಿದೆ. ಕಳೆದುದನ್ನು ಮನುಷ್ಯನು ನೆನೆದಾಗ ಆ ನೆನಪು ಕಳೆದುದನ್ನು ಬಲಾತ್ಕಾರವಾಗಿ ನಡೆಯಿಸಿದಂತೆ ಆಗುವುದಿಲ್ಲ. ಹಾಗೆಯೇ ದೇವರು ಮುಂದಾಗುವುದನ್ನು ತಿಳಿದಿರುವುದರಿಂದ ಅದು ಬಲಾತ್ಕಾರವಾಗಿ ನಡೆದಂತೆ ಆಗದು. ಈ ಹೋಲಿಕೆಯನ್ನು ಎಲ್ಲರೂ ಒಪ್ಪಿಲ್ಲ. ನಡೆದುಹೋದುದನ್ನು ಬದಲಿಸಲಾಗದು, ಮುಂದಿನದು ಹಾಗಲ್ಲ ಎಂಬ ವ್ಯತ್ಯಾಸವನ್ನು ಅದು ಪೂರ್ತಿಯಾಗಿ ನಿವಾರಿಸುವುದಿಲ್ಲ. ಆದರೂ ತಿಳಿಯುವುದು ಬೇರೆ, ಮಾಡಿಸುವುದು ಬೇರೆ ಎಂಬ ವಿವೇಕವನ್ನು ಅದು ನೆಲೆಗೊಳಿಸಿತು.

ಸಿದ್ಧಾಂತವಾಗಿ ಹೀಗೆ ಹೇಳಿದ್ದನ್ನು 'ಕನ್ಫೆಷನ್ಸ್' ಬದುಕಿನ ಘಟನೆಗಳಲ್ಲಿ ಪರೀಕ್ಷೆಗೆ ಒಡ್ಡುತ್ತದೆ. ಎರಡನೆಯ ಭಾಗದ ಹಣ್ಣಿನ ಕಳವು ಇವುಗಳಲ್ಲಿ ಮೊದಲನೆಯದು. ಹದಿನಾರರ ಹುಡುಗನು ಗೆಳೆಯರ ಗುಂಪಿನೊಡನೆ ರಾತ್ರಿಯ ಹೊತ್ತು ನೆರೆಯವರ ಮರದಿಂದ ಮರಸೇಬಿನ ಹಣ್ಣುಗಳನ್ನು ಕದಿಯುತ್ತಾನೆ. ಹಸಿವಿರಲಿಲ್ಲ, ಮನೆಯಲ್ಲಿ ಇದಕ್ಕಿಂತ ಉತ್ತಮವಾದ ಹಣ್ಣುಗಳಿದ್ದವು, ಕದ್ದುದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಬಿಷಪನಾದವನು ಇಷ್ಟು ಚಿಕ್ಕ ತಪ್ಪಿಗೆ ಇಷ್ಟೊಂದು ಪುಟಗಳನ್ನು ಮೀಸಲಿಟ್ಟುದನ್ನು ಕಂಡು ನಕ್ಕವರುಂಟು. ಆದರೆ ಘಟನೆಯ ಚಿಕ್ಕತನವೇ ಅವನ ವಿಧಾನ. ದೊಡ್ಡ ಅಪರಾಧದ ಹಿಂದೆ ಹಸಿವು, ಭಯ, ಸೇಡು, ಲಾಭ ಮುಂತಾದ ಯಾವುದಾದರೊಂದು ಕಾರಣ ನಿಂತಿರುತ್ತದೆ. ಆ ಕಾರಣದ ಮರೆಯಲ್ಲಿ ಸಂಕಲ್ಪವು ಅಡಗಿಕೊಳ್ಳುತ್ತದೆ. ಕಾರಣಗಳನ್ನೆಲ್ಲ ಒಂದೊಂದಾಗಿ ಕಳಚಿದ ಮೇಲೆ ಉಳಿಯುವ ಬರಿಯ ಸಂಕಲ್ಪವನ್ನು ನೋಡಬೇಕೆಂದರೆ ಇಂಥ ನಿಷ್ಪ್ರಯೋಜಕ ತಪ್ಪನ್ನೇ ಆರಿಸಿಕೊಳ್ಳಬೇಕು. ತಪ್ಪು ಮಾಡುವುದರಲ್ಲಿಯೇ ಸುಖವಿತ್ತೆಂಬ ಉತ್ತರದಲ್ಲಿ ಅವನ ಹುಡುಕಾಟ ನಿಲ್ಲುವುದಿಲ್ಲ. ಒಬ್ಬಂಟಿಯಾಗಿದ್ದರೆ ಕದಿಯುತ್ತಿರಲಿಲ್ಲ ಎಂಬುದನ್ನು ಅವನು ಕಂಡುಕೊಳ್ಳುತ್ತಾನೆ. ಗುಂಪಿನಲ್ಲಿ ಲಜ್ಜೆಗೇಡಿಯಾಗದೆ ಇರುವುದಕ್ಕೇ ಲಜ್ಜೆಪಡುವ ಸ್ಥಿತಿ ಬರುತ್ತದೆ. ಆಯ್ಕೆ ತನ್ನದೇ, ಆದರೆ ಯಾರ ಜೊತೆಗೆ ಹೋಗಬೇಕೆಂಬ ಹಿಂದಿನ ಆಯ್ಕೆ ಅದನ್ನು ಅರ್ಧದಷ್ಟು ಆಗಲೇ ಮಾಡಿಬಿಟ್ಟಿತ್ತು.

ಆರನೆಯ ಭಾಗದಲ್ಲಿ ಬರುವ ಅಲಿಪಿಯಸನ ಪ್ರಸಂಗ ಈ ಸೂಕ್ಷ್ಮವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಅಗಸ್ಟಿನನ ಆಪ್ತ ಗೆಳೆಯನಾದ ಅಲಿಪಿಯಸ್ ಕಾನೂನನ್ನು ಕಲಿಯಲು ರೋಮಿಗೆ ಹೋಗಿದ್ದನು. ಮನುಷ್ಯರು ಮನುಷ್ಯರನ್ನು ಕೊಲ್ಲುವ ಅಖಾಡದ ಕ್ರೀಡೆಗಳು ಅವನಿಗೆ ಅಸಹ್ಯವಾಗಿದ್ದವು. ಒಂದು ದಿನ ಸಹಪಾಠಿಗಳು ಅವನನ್ನು ಬಲವಂತದಿಂದ ಅಲ್ಲಿಗೆ ಎಳೆದೊಯ್ದರು. ದೇಹವನ್ನು ಎಳೆಯಬಹುದು, ಕಣ್ಣನ್ನೂ ಮನಸ್ಸನ್ನೂ ಅತ್ತ ತಿರುಗಿಸಲಾರಿರಿ ಎಂಬ ಅಭಿಪ್ರಾಯದಲ್ಲಿ ಅವನು ಕಣ್ಣು ಮುಚ್ಚಿ ಕುಳಿತನು. ಕಿವಿಯನ್ನು ಮುಚ್ಚಿರಲಿಲ್ಲ. ಜನಸ್ತೋಮದ ಒಂದು ಕೂಗು ಎದ್ದಿತು. ಏನೇ ಇದ್ದರೂ ನೋಡಿ ತಿರಸ್ಕರಿಸಬಲ್ಲೆನೆಂಬ ಧೈರ್ಯದಿಂದ ಕಣ್ಣು ತೆರೆದನು. ರಕ್ತವನ್ನು ಕಂಡ ಕ್ಷಣವೇ ಅದರ ಮತ್ತು ಅವನಿಗೆ ಏರಿತು. ಬಂದಾಗ ಇದ್ದವನು ಅವನಾಗಿ ಉಳಿಯಲಿಲ್ಲ. ಮುಂದೆ ತಾನೇ ಇತರರನ್ನು ಎಳೆದುಕೊಂಡು ಹೋಗುವಂತಾದನು. ಅವನ ಸ್ವಾತಂತ್ರ್ಯ ಹೋದದ್ದು ಯಾವ ಕ್ಷಣದಲ್ಲಿ? ಕಣ್ಣು ತೆರೆದಾಗ ಎಂದು ಹೇಳುವುದು ಸುಲಭ. ಅಗಸ್ಟಿನನ ವಿಶ್ಲೇಷಣೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ತನ್ನ ಬಲದ ಮೇಲಿನ ಅತಿಯಾದ ಭರವಸೆಯಲ್ಲಿಯೇ ಸೋಲಿನ ಬೀಜವಿತ್ತು.

ಒಂಬತ್ತನೆಯ ಭಾಗದಲ್ಲಿ ತಾಯಿ ಮೋನಿಕಾಳ ಬಾಲ್ಯದ ಕಥೆ ಬರುತ್ತದೆ. ಬಾಲಕಿಯರಿಗೆ ಊಟದ ಹೊತ್ತನ್ನು ಬಿಟ್ಟು ಬೇರೆ ಹೊತ್ತಿನಲ್ಲಿ ನೀರನ್ನೂ ಕುಡಿಯಲು ಬಿಡದಿದ್ದ ವೃದ್ಧ ದಾಸಿಯ ಕಟ್ಟುನಿಟ್ಟಿನಲ್ಲಿ ಆಕೆ ಬೆಳೆದಳು. ಮುಂದೆ ಗೃಹಿಣಿಯರಾಗಿ ಉಗ್ರಾಣದ ಬೀಗ ಕೈಗೆ ಬಂದಾಗ ಕುಡಿಯುವ ಚಟ ಅಂಟದಿರಲೆಂಬುದು ಆ ದಾಸಿಯ ಮುಂದಾಲೋಚನೆ. ಆದರೂ ಪೀಪಾಯಿಯಿಂದ ದ್ರಾಕ್ಷಾಮದ್ಯವನ್ನು ತುಂಬಿ ತರಲು ಹೆತ್ತವರು ಕಳುಹಿಸುತ್ತಿದ್ದಾಗ, ಬರಿಯ ಹುಡುಗಾಟಿಕೆಯಿಂದ ಬಾಲಕಿಯು ತುಟಿಯ ತುದಿಗೆ ಸ್ವಲ್ಪ ತಾಗಿಸಿಕೊಂಡಳು. ಮರುದಿನ ಮತ್ತಷ್ಟು. ದಿನಕ್ಕೊಂದು ಹನಿ ಸೇರಿ, ಬರಬರುತ್ತ ಬಟ್ಟಲು ತುಂಬ ಕುಡಿಯುವ ಚಾಳಿಯಾಯಿತು. ಜೊತೆಗೆ ಹೋಗುತ್ತಿದ್ದ ಸೇವಕಿಯೊಬ್ಬಳು ಒಮ್ಮೆ ಜಗಳದಲ್ಲಿ ಆಕೆಯನ್ನು ಕುಡುಕಿ ಎಂದು ಜರೆದಳು. ಆ ಮಾತು ನಾಟಿತು. ಮೋನಿಕಾ ತನ್ನ ದೋಷವನ್ನು ಕಂಡುಕೊಂಡು ಅಂದೇ ಬಿಟ್ಟುಬಿಟ್ಟಳು. ಸೇವಕಿಗೆ ಒಡತಿಯನ್ನು ತಿದ್ದುವ ಉದ್ದೇಶವಿರಲಿಲ್ಲ, ಕೆರಳಿಸುವ ಉದ್ದೇಶವಿತ್ತು; ಆ ಕೋಪವನ್ನೂ ದೇವರು ಔಷಧವಾಗಿಸಿದನೆಂದು ಮಗನ ವ್ಯಾಖ್ಯಾನ. ಆದರೆ ಅದೇ ಬೈಗುಳವನ್ನು ಕೇಳಿ ಇನ್ನೊಬ್ಬಳು ಕೆರಳಿ ಹಟಕ್ಕೆ ಬೀಳಬಹುದಿತ್ತು. ಶತ್ರುವಿನ ಬಾಯಿಂದ ಬಂದರೂ ಸತ್ಯವನ್ನು ಸತ್ಯವೆಂದು ಸ್ವೀಕರಿಸಿದ ಆ ಬಾಲಕಿಯ ಆಯ್ಕೆಯನ್ನು ಮಗನು ಸಾಲದಷ್ಟು ಗಮನಿಸಿದನು ಎನ್ನಬೇಕಾಗುತ್ತದೆ.

ಈ ಪ್ರಸಂಗಗಳ ಜೊತೆಗೆ ಇಟ್ಟು ಓದಿದಾಗಲೇ ಎಂಟನೆಯ ಭಾಗದ ಉದ್ಯಾನಪ್ರಸಂಗ ತನ್ನ ಪೂರ್ಣ ಅರ್ಥವನ್ನು ಪಡೆಯುತ್ತದೆ. ತನ್ನನ್ನು ಕಟ್ಟಿಹಾಕಿದ ಸರಪಣಿ ಹೊರಗಿನ ಯಾರೂ ಬೆಸೆದುದಲ್ಲ ಎಂದು ಅಗಸ್ಟಿನ್ ಕಾಣುತ್ತಾನೆ. ದಾರಿ ತಪ್ಪಿದ ಸಂಕಲ್ಪ ಬಯಕೆಯಾಗುತ್ತದೆ. ಬಯಕೆಗೆ ಸಲ್ಲಿಸಿದ ಊಳಿಗ ರೂಢಿಯಾಗುತ್ತದೆ. ತಡೆಯದೆ ಬಿಟ್ಟ ರೂಢಿ ಅನಿವಾರ್ಯತೆಯಾಗಿ ಬಿಗಿಯುತ್ತದೆ. ಕೊಂಡಿ ಕೊಂಡಿಯಾಗಿ ಈ ಸರಪಣಿಯನ್ನು ತಾನೇ ಮಾಡಿಕೊಂಡುದರಿಂದ, ಈಗ ಕದಲಲಾರದ ಸ್ಥಿತಿಯಲ್ಲಿದ್ದರೂ ಜವಾಬ್ದಾರಿ ತನ್ನದೇ. ಮನಸ್ಸು ಕೈಗೆ ಆಜ್ಞೆ ಕೊಟ್ಟರೆ ಕೈ ಕೂಡಲೇ ಏಳುತ್ತದೆ. ತನಗೆ ತಾನೇ ಆಜ್ಞೆ ಕೊಟ್ಟುಕೊಂಡಾಗ ಮಾತ್ರ ಪಾಲಿಸುವುದಿಲ್ಲ. ಇದೇನು ವಿಚಿತ್ರವೆಂದು ಅವನು ಬೆರಗಾಗುತ್ತಾನೆ. ಅವನು ಕಂಡುಕೊಂಡ ಉತ್ತರವೆಂದರೆ, ಆಜ್ಞೆ ಪೂರ್ಣ ಮನಸ್ಸಿನದಾಗಿರಲಿಲ್ಲ. ಪೂರ್ಣವಾಗಿದ್ದರೆ ಆಜ್ಞಾಪಿಸುವ ಅಗತ್ಯವೇ ಇರುತ್ತಿರಲಿಲ್ಲ.

ಮಾನಿಯ ಅನುಯಾಯಿಗಳು ಈ ಒಳಗಿನ ಜಗಳವನ್ನು ತಮ್ಮ ದ್ವೈತಕ್ಕೆ ಸಾಕ್ಷಿಯಾಗಿ ತೋರಿಸಬಹುದಿತ್ತು. ಅದಕ್ಕೆ ಅಗಸ್ಟಿನ್ ಕೊಡುವ ಉತ್ತರ ದಿನನಿತ್ಯದ ಬದುಕಿನಿಂದಲೇ ಬಂದುದು. ಒಬ್ಬನು ನಾಟಕಶಾಲೆಗೆ ಹೋಗಲೇ, ಅಥವಾ ಬೇರೊಂದು ವಿನೋದಕ್ಕೆ ಹೋಗಲೇ, ಅಥವಾ ಅವಕಾಶ ದೊರೆತರೆ ಕಳವು ಮಾಡಲೇ ಎಂದು ಏಕಕಾಲದಲ್ಲಿ ತೊಳಲಾಡಬಹುದು. ಒಂದೊಂದು ಎಳೆತಕ್ಕೆ ಒಂದೊಂದು ತತ್ತ್ವವನ್ನು ಕಲ್ಪಿಸಿದರೆ ಮನುಷ್ಯನೊಳಗೆ ಎಷ್ಟು ತತ್ತ್ವಗಳನ್ನು ಎಣಿಸಬೇಕಾದೀತು? ಒಳ್ಳೆಯವುಗಳ ನಡುವೆಯೂ ಹೀಗೆಯೇ ಪೈಪೋಟಿ ನಡೆಯುತ್ತದೆ. ಅಪೊಸ್ತಲನ ಪತ್ರವನ್ನು ಓದಲೇ, ಕೀರ್ತನೆಯನ್ನು ಮನನ ಮಾಡಲೇ, ಶುಭವಾರ್ತೆಯನ್ನು ಚರ್ಚಿಸಲೇ ಎಂಬ ಆಯ್ಕೆಯಲ್ಲಿ ಎಲ್ಲವೂ ಒಳಿತೇ. ಆದರೂ ಒಂದನ್ನು ಆರಿಸುವ ತನಕ ಸಂಕಲ್ಪ ಹರಿದು ಹಂಚಿಹೋಗಿರುತ್ತದೆ. ತೊಳಲಾಡುವವನು ಒಬ್ಬನೇ. ಈ ಭಾಗದ ಮನೋವಿಶ್ಲೇಷಣೆಯ ನಿಖರತೆ ಇಂದಿಗೂ ಮಾಸಿಲ್ಲ.

386ರ ಬೇಸಗೆಯಲ್ಲಿ, ಮಗುವಿನ ದನಿಯಂತೆ ಕೇಳಿದ ಕರೆಯಿಂದ ಪ್ರೇರಿತನಾಗಿ ಪೌಲನ ಪತ್ರವನ್ನು ತೆರೆದು ಓದಿದ ಕ್ಷಣದಲ್ಲಿ ಆ ತೊಳಲಾಟ ನಿಂತಿತು. ಆದರೆ ಗ್ರಂಥ ಅಲ್ಲಿಗೆ ನಿಲ್ಲುವುದಿಲ್ಲ. ಮರುದಿನವೇ ಅವನು ಅಧ್ಯಾಪಕ ವೃತ್ತಿಗೆ ಬಹಿರಂಗವಾಗಿ ರಾಜೀನಾಮೆ ಕೊಡಲಿಲ್ಲ. ದ್ರಾಕ್ಷಿಯ ಸುಗ್ಗಿಯ ರಜೆಗೆ ಇಪ್ಪತ್ತು ದಿನಗಳಷ್ಟೇ ಉಳಿದಿದ್ದವು. ಜನರ ಕಣ್ಣಿಗೆ ಬೀಳುವಂಥ ಆಡಂಬರ ಬೇಡವೆಂದು ಅಲ್ಲಿಯವರೆಗೆ ಪಾಠ ಹೇಳಿದನು. ಆ ಪೀಠದಲ್ಲಿ ಒಂದು ಗಂಟೆ ಕುಳಿತದ್ದೂ ತಪ್ಪೆಂದು ಯಾರಾದರೂ ಹೇಳಿದರೆ ವಾದಿಸುವುದಿಲ್ಲವೆಂದೂ ಬರೆಯುತ್ತಾನೆ. ಮಹಾನಿರ್ಧಾರದ ಬೆನ್ನಿಗೇ ಹೇಗೆ, ಯಾವಾಗ, ಎಷ್ಟು ಸದ್ದಿನೊಡನೆ ಎಂಬ ಚಿಕ್ಕ ನಿರ್ಧಾರಗಳು ಸಾಲುಗಟ್ಟಿ ನಿಲ್ಲುತ್ತವೆ.

ಹತ್ತನೆಯ ಭಾಗ ಈ ದೃಷ್ಟಿಯಿಂದ ಗ್ರಂಥದ ಅತ್ಯಂತ ಪ್ರಾಮಾಣಿಕ ಭಾಗ. ಉದ್ಯಾನದ ಘಟನೆಯಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಬರೆಯುವವನು ಈಗ ಬಿಷಪ್. ಆದರೂ ಅವನು ತಾನು ಗೆದ್ದೆನೆಂದು ಹೇಳುವುದಿಲ್ಲ. ಆಹಾರವನ್ನು ಔಷಧದಂತೆ ತೆಗೆದುಕೊಳ್ಳಲು ಕಲಿತಿದ್ದಾನೆ. ಆದರೆ ಹಸಿವಿನಿಂದ ತೃಪ್ತಿಗೆ ಹೋಗುವ ದಾರಿಯಲ್ಲಿ ರುಚಿಯು ಹೊಂಚುಹಾಕಿ ಕುಳಿತಿರುತ್ತದೆ. ಇದು ದೇಹಕ್ಕೆ ಬೇಕಾದದ್ದೋ ನಾಲಗೆ ಬೇಡಿದ್ದೋ ಎಂಬುದು ಅನೇಕ ವೇಳೆ ತಿಳಿಯುವುದಿಲ್ಲ. ತಿಳಿಯದಿರುವುದು ಮನಸ್ಸಿಗೆ ಒಳಗೊಳಗೇ ಸಂತೋಷವನ್ನೂ ಕೊಡುತ್ತದೆ, ಆರೋಗ್ಯದ ನೆಪ ಸಿಗುತ್ತದಲ್ಲ! ದೇವಾಲಯದ ಗಾನದಲ್ಲಿ ಅರ್ಥಕ್ಕಿಂತ ನಾದವೇ ಹೆಚ್ಚು ಸೆಳೆಯಿತೇ ಎಂದು ಪರೀಕ್ಷಿಸಿಕೊಳ್ಳುತ್ತಾನೆ. ನಾಯಿಯು ಮೊಲವನ್ನು ಅಟ್ಟುವುದನ್ನು ನೋಡಲು ಅವನು ಕ್ರೀಡಾಂಗಣಕ್ಕೆ ಹೋಗುವುದಿಲ್ಲ. ಆದರೆ ಹೊಲದ ದಾರಿಯಲ್ಲಿ ಕಂಡರೆ ಮನಸ್ಸು ಅತ್ತ ಹೊರಳುತ್ತದೆ. ಮನೆಯಲ್ಲಿ ಕುಳಿತಾಗ ಹಲ್ಲಿಯು ನೊಣವನ್ನು ಹಿಡಿಯುವುದೂ ಜೇಡವು ಬಲೆಯಲ್ಲಿ ಸಿಕ್ಕಿದ ಕೀಟವನ್ನು ಸುತ್ತುವುದೂ ಅವನ ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಪ್ರಾಣಿ ಚಿಕ್ಕದೆಂದ ಮಾತ್ರಕ್ಕೆ ಕುತೂಹಲದ ಸ್ವರೂಪ ಬೇರೆಯಾದೀತೆ ಎಂದು ಅವನು ಕೇಳಿಕೊಳ್ಳುತ್ತಾನೆ. ಅವನ ಅಳುಕು ಇಲ್ಲಿ ಮನಸ್ಸಿನ ಚಾಂಚಲ್ಯವನ್ನು ಕುರಿತದ್ದು, ಸಾಯುವ ನೊಣವನ್ನು ಕುರಿತದ್ದಲ್ಲ, ಇದನ್ನು ಗುರುತಿಸಬೇಕು. ಆದರೂ ಎಚ್ಚರ ಯಾವ ಮಟ್ಟದಲ್ಲಿರಬೇಕೆಂಬುದನ್ನು ಈ ಪುಟಗಳು ತೋರಿಸುವಷ್ಟು ಸ್ಪಷ್ಟವಾಗಿ ಉಪದೇಶಗಳು ತೋರಿಸಲಾರವು.

ಇಷ್ಟು ಸೂಕ್ಷ್ಮದರ್ಶಿಯಾದ ಗ್ರಂಥಕಾರನು ಒಂದು ಕಡೆ ಮಾತ್ರ ಬಹುಬೇಗ ಮುಂದೆ ಸಾಗುತ್ತಾನೆ. ಕಾರ್ತೇಜಿನ ದಿನಗಳಿಂದ ಸುಮಾರು ಹದಿನೈದು ವರ್ಷ ಅವನೊಡನೆ ಬಾಳಿದ ಸ್ತ್ರೀಯೊಬ್ಬಳಿದ್ದಳು. ಅವರಿಗೆ ಅದಿಯೋದಾತಸ್ ಎಂಬ ಮಗನಿದ್ದನು. ವಿಧಿಪೂರ್ವಕವಾದ ವಿವಾಹ ಆಗಿರಲಿಲ್ಲ. ಮಿಲಾನಿನಲ್ಲಿ ಅವನ ಏಳಿಗೆಗೆ ಅನುಕೂಲವಾದ ಸಂಬಂಧವೊಂದನ್ನು ತಾಯಿ ಗೊತ್ತುಮಾಡಿದಾಗ, ಈಕೆ ಅಡ್ಡಿಯಾಗಿ ಕಂಡಳು, ಆಫ್ರಿಕಕ್ಕೆ ಹಿಂತಿರುಗಿಸಲ್ಪಟ್ಟಳು. ಗೊತ್ತಾದ ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಎರಡು ವರ್ಷಗಳಷ್ಟು ಬೇಕಾಗಿತ್ತು. ಅಷ್ಟು ಕಾಲ ತಾಳಲಾರದೆ ಅಗಸ್ಟಿನ್ ಬೇರೊಬ್ಬಳನ್ನು ಕೂಡಿಕೊಂಡನು. ಆಫ್ರಿಕಕ್ಕೆ ಹೋದ ಸ್ತ್ರೀ ಇನ್ನೊಬ್ಬ ಪುರುಷನನ್ನು ಅರಿಯೆನೆಂದು ಪ್ರತಿಜ್ಞೆ ಮಾಡಿ, ಮಗನನ್ನು ಅವನ ಬಳಿಯಲ್ಲಿ ಬಿಟ್ಟು ಹೋದಳು. ತನ್ನ ಹೃದಯ ಹರಿದು ರಕ್ತ ಸುರಿಯಿತೆಂದೂ, ಆಕೆಯನ್ನು ಅನುಸರಿಸುವ ಬಲ ತನಗಿರಲಿಲ್ಲವೆಂದೂ ಅವನು ಒಪ್ಪಿಕೊಳ್ಳುತ್ತಾನೆ. ಆದರೆ ಇದೆಲ್ಲವೂ ಆರನೆಯ ಭಾಗದ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆಕೆಯ ಹೆಸರು ಎಲ್ಲಿಯೂ ಇಲ್ಲ.

ಈ ಮೌನದ ಮೇಲೆ ವಿಮರ್ಶೆಯ ದೃಷ್ಟಿ ನಿಲ್ಲಲೇಬೇಕು. ಹಂದಿಗೆ ಎಸೆದ ಹಣ್ಣಿನ ಬಗ್ಗೆ ಪುಟಗಟ್ಟಲೆ ವಿವೇಚನೆ. ಮನೆಯಿಂದ ಕಳುಹಿಸಿಬಿಟ್ಟ ಸ್ತ್ರೀಯ ಬಗ್ಗೆ ಕೆಲವು ಸಾಲು. ಹಣ್ಣಿನ ಕಳವಿನಲ್ಲಿ ಕದ್ದವರು ಯಾರು ಎಂಬುದು ಸ್ಪಷ್ಟ. ಇಲ್ಲಿಯಾದರೋ ಆಕೆಯು ಕಿತ್ತು ತೆಗೆಯಲ್ಪಟ್ಟಳು ಎಂಬ ಕರ್ಮಣಿ ಪ್ರಯೋಗದಲ್ಲಿ ಕರ್ತೃ ಮರೆಯಾಗುತ್ತಾನೆ. ಪಾಪ ಮಾಡಿದವನು ನಾನೇ ಎಂದು ಹೇಳಲು ಕಲಿತವನು, ಬೇರೊಬ್ಬರ ಬದುಕನ್ನು ಮುರಿದ ಆಯ್ಕೆಯಲ್ಲಿ ಆ ಪಾಠವನ್ನು ಪೂರ್ತಿಯಾಗಿ ಅನ್ವಯಿಸಲಿಲ್ಲ. ಆತ್ಮಪರೀಕ್ಷೆಗೆ ಒಂದು ಅಪಾಯವಿದೆ: ತನ್ನ ಆತ್ಮಕ್ಕೆ ಆದ ಕಲೆಯನ್ನು ನೋಡುತ್ತ ನೋಡುತ್ತ, ಇನ್ನೊಬ್ಬರಿಗೆ ಆದ ಗಾಯವನ್ನು ಮರೆಯಬಹುದು. ಇನ್ನೂ ಒಂದು ಸಂಗತಿಯುಂಟು. ಈ ಗ್ರಂಥದಲ್ಲಿ ಸಂಕಲ್ಪವು ಒಡೆಯದೆ, ತೊಳಲಾಡದೆ, ಕಣ್ಣೀರಿನ ಪ್ರದರ್ಶನವಿಲ್ಲದೆ ಸ್ಥಿರವಾಗಿ ನಿಂತದ್ದು ಎಲ್ಲಿ ಎಂದು ಹುಡುಕಿದರೆ, ಅದು ಈ ಹೆಸರಿಲ್ಲದ ಸ್ತ್ರೀಯ ಪ್ರತಿಜ್ಞೆಯಲ್ಲಿಯೇ ದೊರೆಯುತ್ತದೆ. ಬೇರೆಯವರ ನಿರ್ಧಾರದಿಂದ ಎಲ್ಲವನ್ನೂ ಕಳೆದುಕೊಂಡವಳು, ತನ್ನ ಪಾಲಿಗೆ ಉಳಿದಿದ್ದ ಒಂದೇ ಒಂದು ಆಯ್ಕೆಯನ್ನು ಸಂಪೂರ್ಣವಾಗಿ ಮಾಡಿದಳು.

ಅಗಸ್ಟಿನನಿಗೆ ಇದು ತಿಳಿಯದೆ ಹೋಗಲಿಲ್ಲ ಎಂಬುದನ್ನೂ ಹೇಳುವುದು ನ್ಯಾಯ. 401ರ ಸುಮಾರಿಗೆ ವಿವಾಹದ ಶ್ರೇಯಸ್ಸನ್ನು ಕುರಿತು ಬರೆದ ಗ್ರಂಥದಲ್ಲಿ, ಅಂತಸ್ತಿಗೋ ಸಂಪತ್ತಿಗೋ ತಕ್ಕ ಬೇರೊಬ್ಬಳು ಸಿಗುವ ತನಕ ಮಾತ್ರ ಒಬ್ಬ ಸ್ತ್ರೀಯನ್ನು ಇಟ್ಟುಕೊಳ್ಳುವ ಪುರುಷನು ಮನಸ್ಸಿನಲ್ಲಿ ವ್ಯಭಿಚಾರಿಯೇ ಎಂದು ಅವನು ತೀರ್ಮಾನಿಸುತ್ತಾನೆ. ಅವನಿಗೆ ನಿಷ್ಠಳಾಗಿ ಉಳಿದು, ಬಿಟ್ಟುಹೋದ ಮೇಲೂ ಬೇರೆ ವಿವಾಹವನ್ನು ಬಯಸದ ಸ್ತ್ರೀಯನ್ನು ಹಾಗೆ ಕರೆಯಲು ಮಾತ್ರ ಹಿಂಜರಿಯುತ್ತಾನೆ. ಅಲ್ಲಿ ಅವನ ಹೆಸರಿಲ್ಲ, ಆಕೆಯ ಹೆಸರೂ ಇಲ್ಲ. ಬಲ್ಲವರಿಗೆ ಇಬ್ಬರೂ ಕಾಣುತ್ತಾರೆ. 'ಕನ್ಫೆಷನ್ಸ್'ನಲ್ಲಿ ಬರಬೇಕಾಗಿದ್ದ ನಿವೇದನೆ ಬೇರೊಂದು ಗ್ರಂಥದಲ್ಲಿ ನಿಯಮದ ರೂಪದಲ್ಲಿ ಬಂದಿದೆ.

ಇನ್ನು ಕೃಪೆಯ ಪ್ರಶ್ನೆ. ಹತ್ತನೆಯ ಭಾಗದಲ್ಲಿ ಅಗಸ್ಟಿನ್ ದೇವರನ್ನು ಬೇಡುವುದು ವಿಧಿಸಿದುದನ್ನು ನೆರವೇರಿಸುವ ಬಲವನ್ನೂ ನೀನೇ ಕೊಡು ಎಂಬರ್ಥದಲ್ಲಿ. ರೋಮಿನಲ್ಲಿ ಬಿಷಪನೊಬ್ಬನು ಈ ಮಾತನ್ನು ಉದ್ಧರಿಸಿದಾಗ ಬ್ರಿಟನ್ ಮೂಲದ ಪೆಲೇಜಿಯಸ್ ಎಂಬ ತಪಸ್ವಿ ಅದನ್ನು ಸಹಿಸಲಾರದೆ ಹೋದನೆಂದು ಅಗಸ್ಟಿನನೇ ಮುಂದೆ ದಾಖಲಿಸಿದ್ದಾನೆ. ಪೆಲೇಜಿಯಸನ ಆತಂಕ ನೀತಿವಂತನ ಆತಂಕವೇ ಆಗಿತ್ತು. ಬಲವೂ ದೇವರೇ ಕೊಡಬೇಕೆಂದರೆ ಸೋಮಾರಿಯು ಕೃಪೆ ಬರಲೆಂದು ಕಾಯುತ್ತ ಕುಳಿತಾನು. ದೇವರು ಆಗದುದನ್ನು ವಿಧಿಸುವವನಲ್ಲ. ಆದುದರಿಂದ ಒಳಿತನ್ನು ಮಾಡುವ ಸಾಮರ್ಥ್ಯ ಮನುಷ್ಯನಿಗೆ ಸಹಜವಾಗಿಯೇ ಇದೆ ಎಂದು ಅವನ ವಾದ. 418ರಲ್ಲಿ ಕಾರ್ತೇಜಿನ ಧರ್ಮಸಭೆ ಅವನ ಬೋಧೆಯನ್ನು ತಿರಸ್ಕರಿಸಿತು. ಅದೇ ವರ್ಷ ಪೋಪ್ ಜೋಸಿಮಸನೂ ಖಂಡಿಸಿದನು.

ಪೆಲೇಜಿಯಸ್ ಸೋತನೆಂದು ಅವನ ಪ್ರಶ್ನೆ ಸೋತಿತೆಂದು ತಿಳಿಯಬಾರದು. ಆದರೆ ರೂಢಿಯ ಬಲವನ್ನು ಅವನು ಕಡಿಮೆ ಅಂದಾಜು ಮಾಡಿದನೆಂಬುದನ್ನು ಅಲಿಪಿಯಸನ ಕಥೆಯೇ ತೋರಿಸುತ್ತದೆ. ನಾನು ಬಲ್ಲೆ ಎಂದು ಕಣ್ಣು ತೆರೆದವನು ಬಿದ್ದನು. ಇತ್ತ ಅಗಸ್ಟಿನನ ನಿಲುವಿನಲ್ಲಿಯೂ ತೊಡಕುಂಟು. 'ಕನ್ಫೆಷನ್ಸ್' ಬರೆಯುವುದಕ್ಕೆ ಸ್ವಲ್ಪ ಮುಂಚೆಯೇ, ಸಂಕಲ್ಪ ಸ್ವಾತಂತ್ರ್ಯದ ಪರವಾಗಿ ಹೋರಾಡಿಯೂ ಕೊನೆಗೆ ಕೃಪೆಯೇ ಗೆದ್ದಿತೆಂಬ ತೀರ್ಮಾನಕ್ಕೆ ಅವನು ಬಂದಿದ್ದನು. ವಯಸ್ಸಾದಂತೆ, ದೇವರು ಕೆಲವರನ್ನು ಆರಿಸಿ ಕೃಪೆಮಾಡುತ್ತಾನೆ, ಉಳಿದವರನ್ನು ಬಿಡುತ್ತಾನೆ ಎಂಬ ಕಡೆಗೆ ಅವನ ಮಾತು ಕಠಿಣವಾಯಿತು. ಹೀಗಾದರೆ ಸರಪಣಿಯ ಕೊಂಡಿಗಳನ್ನು ಎಣಿಸಿದ ಶ್ರಮಕ್ಕೆ ಅರ್ಥವೇನು? ಹಲ್ಲಿಯನ್ನು ನೋಡಿದ ಕ್ಷಣವನ್ನೂ ಲೆಕ್ಕಕ್ಕಿಟ್ಟವನು, ಆ ಕ್ಷಣ ತನ್ನ ಕೈಯಲ್ಲಿತ್ತು ಎಂದು ನಂಬಿದ್ದರಿಂದಲೇ ಲೆಕ್ಕವಿಟ್ಟನು. ಅವನ ಸಿದ್ಧಾಂತ ಒಂದು ಕಡೆಗೆ ವಾಲಿದರೂ ಅವನ ಅನುಭವ ಇನ್ನೊಂದನ್ನೂ ಬಿಟ್ಟುಕೊಡುವುದಿಲ್ಲ.

ಈ ಎಳೆದಾಟ ಕ್ರೈಸ್ತ ಪರಂಪರೆಯುದ್ದಕ್ಕೂ ಮುಂದುವರಿಯಿತು. 529ರ ಆರೆಂಜ್ ಸಭೆ ವಿಶ್ವಾಸದ ಆರಂಭವೂ ಕೃಪೆಯಿಂದಲೇ ಎಂದು ಹೇಳಿತು. ಆದರೆ ದೇವರು ಯಾರನ್ನಾದರೂ ಕೆಡುಕಿಗೆ ನೇಮಿಸಿದ್ದಾನೆಂಬ ಮಾತನ್ನು ತಳ್ಳಿಹಾಕಿತು. 1524ರಲ್ಲಿ ಎರಾಸ್ಮಸ್ ಸ್ವತಂತ್ರ ಆಯ್ಕೆಯ ಪರವಾಗಿ ಬರೆದನು. ಮರುವರ್ಷವೇ ಮಾರ್ಟಿನ್ ಲೂಥರ್ ಬಂಧಿತ ಸಂಕಲ್ಪವನ್ನು ಪ್ರತಿಪಾದಿಸಿ ಉತ್ತರಿಸಿದನು. ಲೂಥರ್ ಅಗಸ್ಟಿನನ ಹೆಸರಿನ ಸಂನ್ಯಾಸಿ ಸಂಘದಲ್ಲಿದ್ದವನು. ಎರಾಸ್ಮಸ್ ಅಗಸ್ಟಿನನ ಸಮಗ್ರ ಕೃತಿಗಳನ್ನು ಸಂಪಾದಿಸಿದವನು. ಇಬ್ಬರೂ ಒಬ್ಬನನ್ನೇ ಓದಿ ಎದುರುಬದುರಾಗಿ ನಿಂತರು. 1547ರಲ್ಲಿ ಟ್ರೆಂಟ್ ಮಹಾಸಭೆ, ಸಂಕಲ್ಪ ಸ್ವಾತಂತ್ರ್ಯ ದುರ್ಬಲವಾಗಿದೆ, ಆರಿಹೋಗಿಲ್ಲ ಎಂಬ ಮಧ್ಯಮ ಮಾರ್ಗವನ್ನು ಹಿಡಿಯಿತು. 1618–19ರ ಡಾರ್ಟ್ ಸಭೆ ದೈವದ ಆಯ್ಕೆಯನ್ನೇ ಎತ್ತಿಹಿಡಿಯಿತು.

ಪಂಡಿತರು ಹೀಗೆ ವಾದಿಸುತ್ತಿದ್ದಾಗ ಶ್ರದ್ಧಾವಂತರು ಬದುಕಿದ್ದು ಮಾತ್ರ 'ಕನ್ಫೆಷನ್ಸ್'ನ ಹತ್ತನೆಯ ಭಾಗದ ದಾರಿಯಲ್ಲಿಯೇ. 1548ರಲ್ಲಿ ಪೋಪನ ಅನುಮೋದನೆ ಪಡೆದ ಇಗ್ನೇಷಿಯಸ್ ಲೊಯೋಲನ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೈಪಿಡಿಯಲ್ಲಿ ಇದಕ್ಕೊಂದು ಕ್ರಮವೇ ಇದೆ. ಸಾಧಕನು ತಿದ್ದಿಕೊಳ್ಳಬೇಕಾದ ಒಂದು ದೋಷವನ್ನು ಗೊತ್ತುಮಾಡಿಕೊಳ್ಳುತ್ತಾನೆ. ದಿನಕ್ಕೆ ಎರಡು ಗೆರೆಗಳನ್ನು ಎಳೆದು, ಮಧ್ಯಾಹ್ನಕ್ಕೊಮ್ಮೆ ರಾತ್ರಿಗೊಮ್ಮೆ, ಎಷ್ಟು ಸಲ ಜಾರಿದೆನೋ ಅಷ್ಟು ಚುಕ್ಕೆಗಳನ್ನು ಇಡುತ್ತಾನೆ. ಬೆಳಗಿನ ಗೆರೆಗಿಂತ ಸಂಜೆಯ ಗೆರೆಯಲ್ಲಿ, ನಿನ್ನೆಗಿಂತ ಇಂದು, ಹಿಂದಿನ ವಾರಕ್ಕಿಂತ ಈ ವಾರದಲ್ಲಿ ಚುಕ್ಕೆಗಳು ಕಡಿಮೆಯಾದವೇ ಎಂದು ನೋಡಿಕೊಳ್ಳುತ್ತಾನೆ. ಚುಕ್ಕೆಯಿಡುವ ಕೈ ತನ್ನದು. ಮತ್ತೆ ಜಾರದಿರುವ ಬಲವನ್ನು ದೇವರಲ್ಲಿ ಬೇಡುತ್ತಾನೆ. ಸಿದ್ಧಾಂತದಲ್ಲಿ ಕೂಡದ ಎರಡು ತುದಿಗಳು ಆ ಒಂದು ಗೆರೆಯ ಮೇಲೆ ಕೂಡಿಕೊಳ್ಳುತ್ತವೆ.

ಅಗಸ್ಟಿನನ ಗ್ರಂಥದ ಬೆಲೆ ಇರುವುದೂ ಇಲ್ಲಿಯೇ. ಮನುಷ್ಯನು ತಪ್ಪಿನಿಂದ ತಪ್ಪಿಸಿಕೊಳ್ಳಲು ಹೇಳುವ ನೆಪಗಳು ಮುಖ್ಯವಾಗಿ ಎರಡು. ನನ್ನ ಸ್ವಭಾವವೇ ಹೀಗೆ, ಏನು ಮಾಡಲಿ ಎಂಬುದು ಒಂದು. ಬೇಕೆಂದಾಗ ಬಿಡಬಲ್ಲೆ, ಇಂದೇ ಏಕೆ ಎಂಬುದು ಇನ್ನೊಂದು. ಸ್ವಭಾವವೆಂದು ಕಾಣುವ ಸರಪಣಿಯನ್ನು ತಾನೇ ಬೆಸೆದುಕೊಂಡದ್ದೆಂದು ತೋರಿಸಿ ಗ್ರಂಥವು ಮೊದಲನೆಯದನ್ನು ತಳ್ಳಿಹಾಕುತ್ತದೆ. ಬೇಕೆಂದಾಗ ಬಿಡಬಲ್ಲವನು ಎಂದೂ ಪೂರ್ತಿಯಾಗಿ ಬೇಕೆನ್ನುವುದಿಲ್ಲ ಎಂದು ತೋರಿಸಿ ಎರಡನೆಯದನ್ನು ಕಿತ್ತುಹಾಕುತ್ತದೆ. ಈ ಎರಡು ನೆಪಗಳನ್ನು ಕಳೆದುಕೊಂಡ ಓದುಗನಿಗೆ ಉಳಿಯುವುದು ಇಂದಿನ ಚಿಕ್ಕ ಆಯ್ಕೆ ಮಾತ್ರ: ತುಟಿಗೆ ತಾಗಿಸುವ ಮೊದಲ ಹನಿ, ತೆರೆಯದೆ ಇರಬಹುದಾದ ಕಣ್ಣು, ವೈರಿಯ ಬಾಯಿಂದ ಬಂದ ನಿಜವಾದ ಮಾತು. ಆ ಆಯ್ಕೆಯ ಲೆಕ್ಕದಲ್ಲಿ ತನ್ನ ಆತ್ಮದ ಕಲೆಯೊಂದೇ ಅಲ್ಲದೆ ಪಕ್ಕದಲ್ಲಿದ್ದವರ ಗಾಯವೂ ಸೇರಬೇಕೆಂಬ ಪಾಠವನ್ನು ಅಗಸ್ಟಿನ್ ಹೇಳಿದ್ದರಿಂದಲ್ಲ, ಹೇಳದೆ ಬಿಟ್ಟುದರಿಂದ ಕಲಿಯಬೇಕಾಗಿದೆ. ಮಿಲಾನಿನಿಂದ ಆಫ್ರಿಕಕ್ಕೆ ಒಬ್ಬಳೇ ಹಿಂತಿರುಗಿದ ಆ ಸ್ತ್ರೀ, ಗ್ರಂಥದಲ್ಲಿ ಹೆಸರಿಲ್ಲದಿದ್ದರೂ, ಆ ಪಾಠಕ್ಕೆ ಸಾಕ್ಷಿಯಾಗಿ ನಿಂತಿದ್ದಾಳೆ.